ಪಾಲೆಂಕೆಯಲ್ಲಿ ಒಂಬತ್ತನೆಯ ರಾತ್ರಿ

ಕೊಲಂಬಿಯಾದ ಕಾರ್ತಹೇನಾದಿಂದ ಬಸ್ಸು ಹಿಡಿದು ಮಲಗಾನಾ ಎಂಬಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಅಲ್ಲಿಂದ ಬಾಡಿಗೆ ಬೈಕಿನ ಹಿಂದೆ ಕೂತು ಸಾನ್ ಬಸಿಲಿಯೊ ದೆ ಪಾಲೆಂಕೆಗೆ ಹೋದೆ. ಕೆಲಸದ ಮೇಲೆ ಬೊಗೊಟಾದಲ್ಲಿದ್ದ ಆ ವರ್ಷ ಇದೊಂದು ಊರನ್ನು ನೋಡದೆ ಮರಳಬಾರದು ಎಂದುಕೊಂಡಿದ್ದೆ. ಡೋಲು ಕಲಿಸುವ ಹುಡುಗನೊಬ್ಬನಿಗೆ ಎರಡು ತಾಸಿನ ಪಾಠಕ್ಕೆ ಮೊದಲೇ ಹೇಳಿಟ್ಟಿದ್ದೆ. ರೆಕಾರ್ಡ್ ಮಾಡಿಕೊಳ್ಳಲು ಫೋನಿನಲ್ಲಿ ಜಾಗ ಖಾಲಿ ಮಾಡಿಕೊಂಡೂ ಬಂದಿದ್ದೆ.

ಚೌಕದಲ್ಲಿ, ಸರಪಳಿ ಕಡಿದುಕೊಂಡು ನಿಂತ ಬೆಂಕೋಸ್ ಬಿಯೊಹೊನ ಪ್ರತಿಮೆಯ ಬುಡದಲ್ಲಿ ಹುಡುಗ ಕಾಯುತ್ತಿದ್ದ. "ಕ್ಷಮಿಸಿ ಸೆನ್ಯೋರಾ, ಇವತ್ತು ಪಾಠ ಇಲ್ಲ," ಅಂದ. ಅವನ ಕ್ವಾಗ್ರೊದ ಗೆಳೆಯನ ಅಜ್ಜಿ ತೀರಿಕೊಂಡು ಅಂದಿಗೆ ಒಂಬತ್ತು ದಿನ. ರಾತ್ರಿಯಿಡೀ ಅವನು ಅಲ್ಲಿರಬೇಕು.

ಕ್ವಾಗ್ರೊ ಎಂದರೆ ಒಂದೇ ಕೇರಿಯ, ಒಂದೇ ವಯಸ್ಸಿನ ಮಕ್ಕಳ ಗುಂಪು. ನಾವು ವಾರಗೆಯವರು ಅಂತೀವಲ್ಲ, ಆ ಮಾತಿಗೆ ಹೊಣೆಯನ್ನೂ ಕಟ್ಟಿದ ಹಾಗೆ. ಆಟದಲ್ಲಿ ಶುರುವಾದ ನಂಟು ಸಾಯುವ ತನಕ ಬಿಡುವುದಿಲ್ಲ. ಮದುವೆಯಾದರೂ ಸಾವಾದರೂ ಗುಂಪಿನವರು ದುಡ್ಡು, ಅಕ್ಕಿ, ಮೈಮುರಿಯುವ ಕೆಲಸ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ.

ಸಂಜೆಯವರೆಗೆ ಅವನೇ ಊರು ಸುತ್ತಿಸಿದ. ಕಾರ್ತಹೇನಾ ಬಂದರಿನಲ್ಲಿ ಇಳಿಸಿ ಮಾರಿದ ಆಫ್ರಿಕದ ಗುಲಾಮರಲ್ಲಿ ಕೆಲವರು ಬೆಂಕೋಸ್ ಬಿಯೊಹೊನ ಮುಂದಾಳತ್ವದಲ್ಲಿ ಕಾಡು ಸೇರಿದರು, ಮರದ ಗೂಟಗಳ ಬೇಲಿ ಹಾಕಿಕೊಂಡು ಬದುಕಿದರು. ಆ ಬೇಲಿಯೇ ಪಾಲೆಂಕೆ. 1621ರಲ್ಲಿ ಸ್ಪೇನಿನವರು ಅವನನ್ನು ಗಲ್ಲಿಗೇರಿಸಿದರು. ಆದರೂ ಬೇಲಿಯೊಳಗಿನವರು ಸೋಲಲಿಲ್ಲ. 1713ರ ಹೊತ್ತಿಗೆ ಆಳುವವರೇ ಒಪ್ಪಂದಕ್ಕೆ ಬಂದು ಇವರ ಸ್ವಾತಂತ್ರ್ಯವನ್ನು ಒಪ್ಪಬೇಕಾಯಿತು.

ಹುಡುಗ ಶಾಲೆಯಲ್ಲಿ ಮಕ್ಕಳಿಗೆ ಪಾಲೆಂಕೆರೊ ಭಾಷೆ ಕಲಿಸುತ್ತಾನೆ. ಸ್ಪ್ಯಾನಿಷ್ ಪದಗಳ ನಡುವೆ ಕಾಂಗೋ ಸೀಮೆಯ ಮಾತುಗಳು ಉಳಿದಿರುವ ಭಾಷೆ ಅದು. ದನಕ್ಕೆ ಎಂಗೊಂಬೆ, ಮಗುವಿಗೆ ಮೊನಾ, ನಾವು ಅನ್ನುವುದಕ್ಕೆ ಸೂತೊ. ಅವನ ಮುತ್ತಜ್ಜನ ಕಾಲದವರು ಸಕ್ಕರೆ ಕಾರ್ಖಾನೆಗೆ, ಬಾಳೆ ತೋಟಕ್ಕೆ ಕೂಲಿಗೆ ಹೋದಾಗ ಈ ಮಾತು ಕೇಳಿ ಜನ ನಗುತ್ತಿದ್ದರಂತೆ, ಕೆಟ್ಟ ಸ್ಪ್ಯಾನಿಷ್ ಎಂದು. ನಾಚಿಕೆಯಿಂದ ಎಷ್ಟೋ ಮನೆಗಳಲ್ಲಿ ಮಕ್ಕಳೊಡನೆ ಆಡುವುದನ್ನೇ ಬಿಟ್ಟರು. ಅದನ್ನು ಮತ್ತೆ ತರಗತಿಯೊಳಗೆ ತಂದವರು ಈ ಊರಿನದೇ ಮೇಷ್ಟರುಗಳು, ಹೋರಾಟಗಾರರು. 1991ರ ಸಂವಿಧಾನ ಇಂಥ ಭಾಷೆಗಳಿಗೆ ಅವುಗಳ ನೆಲದಲ್ಲಿ ಅಧಿಕೃತ ಸ್ಥಾನ ಕೊಟ್ಟಿತು. 1993ರ 70ನೇ ಕಾಯಿದೆ ಕಪ್ಪು ಸಮುದಾಯಗಳ ಸಾಮೂಹಿಕ ಭೂಮಿಯ ಹಕ್ಕನ್ನು ಒಪ್ಪಿತು. ಈ ಊರಿನ ಸಂಸ್ಕೃತಿಗೆ ಯುನೆಸ್ಕೊ ಮನ್ನಣೆ ಬಂದದ್ದು 2005ರಲ್ಲಿ. ಹೊರಗಿನವರಿಗೆ ಗೊತ್ತಿರುವುದು ಈ ಕೊನೆಯದೊಂದೇ. ನನಗೂ ಅಷ್ಟೇ ಗೊತ್ತಿದ್ದದ್ದು.

ಕತ್ತಲಾಗುವಾಗ ಅವನು ನನ್ನನ್ನೂ ಆ ಮನೆಗೆ ಕರೆದ. "ಫೋನ್ ಮಾತ್ರ ಚೀಲದಲ್ಲೇ ಇರಲಿ," ಅಂದ.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಸುಮ್ಮನೆ ಕೂರಲಾಗದೆ ಕಾಯಿ ತುರಿಯಲು ಕುಳಿತೆ. ಕಾಯಿಹಾಲಿನಲ್ಲಿ ಬೇಯುವ ಅನ್ನ, ಮೀನು, ಬೆಲ್ಲದ ಕಾಫಿ. ಪಕ್ಕದಲ್ಲಿದ್ದ ಅಜ್ಜಿ ಮೂವತ್ತು ವರ್ಷ ತಲೆಯ ಮೇಲೆ ಬೋಗುಣಿ ಹೊತ್ತು ಕಾರ್ತಹೇನಾದ ಬೀದಿಗಳಲ್ಲಿ ಕಾಯಿ ಮಿಠಾಯಿ ಮಾರಿದವರು. ನಾನು ತುರಿಯುವುದನ್ನು ನೋಡಿ, "ಕೈ ಪಳಗಿದೆ ಮಿಹಾ," ಅಂದರು. ಮಿಹಾ ಅಂದರೆ ಮಗಳೇ. ಕಾಫಿ ಬಗ್ಗಿಸಿ, ತಾನು ಒಂದು ಗುಟುಕು ಕುಡಿದು, ಅದೇ ಲೋಟವನ್ನು ನನ್ನ ಕೈಗಿಟ್ಟರು.

ಒಂಬತ್ತು ಗಂಟೆಯ ನಂತರ ಡೋಲು ಕೇಳಿಸಿತು. ಪೆಚಿಚೆ ಎಂಬ ಉದ್ದನೆಯ ಡೋಲು, ಅದನ್ನು ಸಾವಿನ ಮನೆಯಲ್ಲಿ ಬಾರಿಸುವುದು. ಈ ವಿಧಿಯ ಹೆಸರು ಲುಂಬಾಲು. ಈಗ ಎಲ್ಲರ ಸಾವಿಗೂ ಇದು ನಡೆಯುವುದಿಲ್ಲ. ತೀರಿಕೊಂಡ ಅಜ್ಜಿ ಹಳೆಯ ಹಾಡುಗಾರ್ತಿ, ಹಾಗಾಗಿ ಅವರ ಜೊತೆಗಾತಿಯರೆಲ್ಲ ಸೇರಿದ್ದರು. ಬಿಳಿ ಬಟ್ಟೆ ಹೊದಿಸಿದ ಪೀಠ, ಮೇಣದ ಬತ್ತಿ, ದಣಿದ ಜೀವಕ್ಕೆಂದು ಒಂದು ಲೋಟ ನೀರು. ಒಬ್ಬ ಮುದುಕಿ ದನಿ ಎತ್ತಿದರೆ ಉಳಿದವರು ಚಪ್ಪಾಳೆ ತಟ್ಟುತ್ತ ಎತ್ತಿಕೊಳ್ಳುತ್ತಿದ್ದರು. ಹಾಡಿನ ನಡುವೆ ಅಂಗೋಲಾ ಎಂಬ ಹೆಸರು ಬಂತು. ಕಾಂಗೋ ಬಂತು. ಆ ನೆಲವನ್ನು ಕಾಣದೆ ಹನ್ನೆರಡು ತಲೆಮಾರು ಕಳೆದವರು, ಪಕ್ಕದ ಕೇರಿಗೆ ಕಳಿಸಿಕೊಡುವ ಹಾಗೆ ಆ ಹೆಸರುಗಳನ್ನು ಕರೆಯುತ್ತಿದ್ದರು. ಅಂಗಳದಲ್ಲಿ ಗಂಡಸರು ಡೊಮಿನೊ ಆಡುತ್ತಿದ್ದರು, ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿದ್ದರು.

ನಡುರಾತ್ರಿ ಮೀರಿದ ಮೇಲೆ ಅಜ್ಜಿ ಕೇಳಿದರು: "ನಿಮ್ಮ ದೇಶದಲ್ಲಿ ನಮ್ಮಂಥವರು ಇದ್ದಾರಾ?"

ಇದ್ದಾರೆ, ಅಂದೆ. ನನ್ನೂರು ಯಲ್ಲಾಪುರದ ಕಡೆ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರಲ್ಲಿ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ, ಸಿದ್ದಿಯರು. ಅವರೂ ಓಡಿ ಬಂದವರೇ ಎಂದು ಕೇಳಿ ಅಜ್ಜಿಯ ಮುಖ ಅರಳಿತು. "ಭಾಷೆ?" ಹಳೆಯದು ಉಳಿದಿಲ್ಲ, ಕೊಂಕಣಿಯ ಬಗೆಯೊಂದನ್ನು, ಕನ್ನಡವನ್ನು ಆಡುತ್ತಾರೆ ಅಂದೆ. "ಡೋಲು?" ಇದೆ, ಡಮಾಮಿ ಅಂತ.

"ಸತ್ತಾಗ ಏನು ಬಾರಿಸುತ್ತಾರೆ?"

ನನಗೆ ಗೊತ್ತಿರಲಿಲ್ಲ. ನಮ್ಮ ಅಡಿಕೆ ತೋಟಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸರನ್ನು ಹುಟ್ಟಿದಾಗಿನಿಂದ ನೋಡಿದ್ದೆ. ನಮ್ಮ ಮನೆಯಲ್ಲಿ ಅವರಿಗೆ ಚಹಾ ಕೊಡುತ್ತಿದ್ದದ್ದು ಅಂಗಳದಲ್ಲಿ, ಬೇರೆ ಲೋಟದಲ್ಲಿ. ತೊಳೆದು ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟು ಹೋಗುತ್ತಿದ್ದರು. ಅವರ ಕೇರಿಯಲ್ಲಿ ಯಾರಾದರೂ ಸತ್ತರೆ ನಮಗೆ ತಿಳಿಯುತ್ತಿದ್ದದ್ದು ಇಷ್ಟೇ, ಇವತ್ತು ಕೆಲಸಕ್ಕೆ ಆಳು ಬರುವುದಿಲ್ಲ. ಸಾಗರ ದಾಟಿ ಬಂದು, ಹಣ ಕೊಟ್ಟು ಡೋಲು ಕೇಳಲು ಕೂತವಳಿಗೆ ಒಂದು ಮೈಲಿ ಆಚೆಯ ಡೋಲಿನ ಸುದ್ದಿ ಗೊತ್ತಿಲ್ಲ. ಲೋಟದ ವಿಷಯವನ್ನೂ ಅಜ್ಜಿಗೆ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಒಲೆಯ ಕಡೆ ನೋಡಿದರು. "ಕಾರ್ತಹೇನಾದಲ್ಲೂ ಹಾಗೇ ಕೊಡುತ್ತಿದ್ದರು," ಅಂದು ಎದ್ದು ಅನ್ನದ ಪಾತ್ರೆ ಇಳಿಸಲು ಹೋದರು.

ಬೆಳಕು ಹರಿಯುವ ಮುಂಚೆ ಪೀಠ ಕಳಚಿದರು. ಬತ್ತಿ ಆರಿಸಿ, ಬಟ್ಟೆ ಮಡಚಿ, ಲೋಟದ ನೀರನ್ನು ಬಾಗಿಲಾಚೆ ಚೆಲ್ಲಿದರು. ಅಷ್ಟು ಹೊತ್ತೂ ಅಳದಿದ್ದ ಮೊಮ್ಮಗ ಆಗ ಗೋಡೆಗೆ ತಲೆಯಿಟ್ಟು ಅತ್ತ. ಅವನ ಕ್ವಾಗ್ರೊದವರು ಸುತ್ತ ನಿಂತರು.

ಮಲಗಾನಾದಲ್ಲಿ ಬಸ್ಸಿಗೆ ಕಾಯುತ್ತ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ಸಿದ್ದಿಯರ ಕೇರಿಯಲ್ಲಿ ಸತ್ತಾಗ ಡಮಾಮಿ ಬಾರಿಸುತ್ತಿದ್ದರಾ ಎಂದು ಕೇಳಿದೆ. ಅಮ್ಮ ತುಸು ಹೊತ್ತು ಸುಮ್ಮನಿದ್ದರು.

"ನಾ ಯಾವತ್ತೂ ಕೇಳಿದ್ದಿಲ್ಲೆ ಕೂಸೆ," ಅಂದರು. "ನೀ ಬಂದಾಗ ಇಬ್ರೂ ಹೋಗಿ ಕೇಳನ."