“ಹರಕೆಯೇ ಅಕ್ಕಾ?”

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಕಚೇರಿಯ ಹುಡುಗಿಯೊಬ್ಬಳು ಬಂಗುಡೆ ಪುಳಿಮುಂಚಿಯ ಡಬ್ಬಿಯನ್ನು ನನ್ನತ್ತ ಸರಿಸಿದಳು. ಈಗ ಮೀನು ತಿನ್ನುವುದಿಲ್ಲ ಎಂದೆ. “ಹರಕೆಯೇ ಅಕ್ಕಾ?” ಎಂದು ಕೇಳಿದಳು.

ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಮಂಗಳೂರಿನಲ್ಲಿ ಆ ಉತ್ತರಕ್ಕೆ ಮರುಪ್ರಶ್ನೆಯೇ ಇಲ್ಲ. ಆದರೂ ಹೇಳಿದೆ: ಇದು ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲ. ಏನನ್ನೋ ಬೇಡಿಕೊಂಡು ತೀರಿಸುವ ಹರಕೆಯಲ್ಲ. ಯೇಸು ನನಗಾಗಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟಾಗಿದೆ, ನಾನು ತೀರಿಸಬೇಕಾದ ಬಾಕಿ ಉಳಿದಿಲ್ಲ. ಅದನ್ನು ನೆನೆಯುವುದಕ್ಕೆ ಈ ಉಪವಾಸ.

ಮೇಜಿನ ಸುತ್ತ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. “ಬಾಕಿಯೇ ಇಲ್ಲವೇ?” ಎಂದು ಅವಳು ಬೆರಗಿನಿಂದ ಕೇಳಿದಳು. ಆಮೇಲೆ ತನ್ನ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ದೈವದ ಕೋಲದ ಹರಕೆಯ ಕಥೆ ಹೇಳಿದಳು. ನಾನು ಪೂರ್ತಿ ಕೇಳಿದೆ, ಮನಸ್ಸಿಟ್ಟು ಕೇಳಿದೆ.

ನಂಬಿಕೆಯ ಮಾತೆತ್ತಿದರೆ ಮತಾಂತರದ ಅನುಮಾನ ಹುಟ್ಟುವ ಕಾಲವಿದು. ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಕೊಟ್ಟಿದೆ, ನಿಜ. ಆದರೆ ಊಟದ ಮೇಜಿನಲ್ಲಿ ಬಾಯಿ ತೆರೆಯುವ ಧೈರ್ಯವನ್ನು ಯಾವ ವಿಧಿಯೂ ಕೊಡಲಾರದು. ನಾನು ಅದನ್ನು ಪ್ರಾರ್ಥನೆಯಲ್ಲಿ ಬೇಡುತ್ತೇನೆ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಈ ಕರಾವಳಿಗೆ ಬಂದರು. ಆ ಮಿಷನ್ನಿನ ಕಿಟೆಲ್ ಕನ್ನಡದ ಛಂದಸ್ಸನ್ನು ಕಲಿತು ಯೇಸುವಿನ ಕಥೆಯನ್ನು ಕಾವ್ಯವಾಗಿ ಬರೆದರು. ಎದುರಿನವರ ನುಡಿಗೆ, ನಡೆಗೆ ಅಷ್ಟು ಗೌರವ ಕೊಟ್ಟವರಿಗೆ ತಮ್ಮ ದೇವರ ಹೆಸರನ್ನು ಅಡಗಿಸಿಡುವ ಅಗತ್ಯ ಬೀಳಲಿಲ್ಲ. ನನಗೆ ಬೇಕಾದದ್ದು ಆ ಬಗೆಯ ಧೈರ್ಯ.