ಹತ್ತು ಪೌಂಡ್ ಬೀಜ

ಕಡಗದಾಳು
ಜುಲೈ 21, 2024, ಭಾನುವಾರ

ಇವತ್ತೂ ಅಂಗಳಕ್ಕೆ ಇಳಿಯುವ ಹಾಗಿಲ್ಲ. ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಕಾಗದದಲ್ಲಿ ಬರೆದಿಡುತ್ತಿದ್ದೇನೆ. ಬಂದಾಗ ಟೈಪ್ ಮಾಡಿ ಹಾಕುತ್ತೇನೆ.

ಮಳೆ ಹಿಡಿಯಿತೆಂದರೆ ನನಗೆ ಹೂದೋಟದ ಪುಸ್ತಕಗಳ ಹುಚ್ಚು. ಬೇಸಿಗೆಯಲ್ಲಿ ಅವುಗಳ ನೆನಪೂ ಬರುವುದಿಲ್ಲ. ಜುಲೈ ಬಂದರೆ ಹೊರಗೆ ಜಿಗಣೆ, ಒಳಗೆ ಒಣಗದ ಬಟ್ಟೆ. ಆಗ ಯಾರೋ ಎಲ್ಲೋ ಬಿಸಿಲಲ್ಲಿ ಕೂತು ಗುಲಾಬಿಗೆ ಕಸಿ ಕಟ್ಟುತ್ತಿದ್ದಾರೆ ಅಂತ ಓದುವುದೇ ಒಂದು ಸುಖ. ನಮ್ಮ ಮನೆಯಲ್ಲಿ ಗಿಡಗಳು ಅತ್ತೆಯ ಖಾತೆ, ಪುಸ್ತಕಗಳು ನನ್ನ ಖಾತೆ.

ಈಗ ಓದುತ್ತಿರುವುದು ಕಾರೆಲ್ ಚಾಪೆಕ್‌ನ ‘ದಿ ಗಾರ್ಡನರ್ಸ್ ಇಯರ್’. ರೋಬೋಟ್ ಅನ್ನುವ ಮಾತು ಲೋಕಕ್ಕೆ ಬಂದದ್ದು ಯಾರ ನಾಟಕದಿಂದಲೋ, ಅದೇ ಚೆಕ್ ಲೇಖಕ. 1929ರ ಪುಸ್ತಕ. ತಿಂಗಳು ತಿಂಗಳೂ ತೋಟಗಾರ ಪಡುವ ಪಾಡು ಅದರಲ್ಲಿದೆ. ಚಿತ್ರಗಳು ಅವನ ಅಣ್ಣ ಯೋಸೆಫ್‌ನವು. ತೋಟಗಾರ ದೇವರಲ್ಲಿ ಮಳೆ ಬೇಡುವ ಒಂದು ಜಾಗ ಉಂಟು. ದಿನಾ ಮಳೆ ಬರಲಿ, ಆದರೆ ಮಧ್ಯರಾತ್ರಿಯಿಂದ ಬೆಳಗಿನ ಜಾವ ಮೂರರ ತನಕ ಮಾತ್ರ. ಮೆಲ್ಲಗೆ, ಬೆಚ್ಚಗೆ ಬರಲಿ. ಒಣಮಣ್ಣು ಬೇಕಾದ ಗಿಡಗಳ ಮೇಲೆ ಬೀಳದೆ ಇರಲಿ. ವಾರಕ್ಕೊಂದು ಸಲ ಆಕಾಶದಿಂದ ಗೊಬ್ಬರದ ನೀರೂ ಇಳಿಯಲಿ. ಪ್ರಾಗ್‌ನವನು, ಕೇಳಬಹುದು. ಅವನ ಊರಿಗೆ ವರ್ಷಕ್ಕೆಲ್ಲ ಸೇರಿ 20 ಇಂಚಿನ ಆಸುಪಾಸು. ನಮ್ಮ ಪಕ್ಕದ ಮಡಿಕೇರಿಗೆ 120 ಇಂಚು ದಾಟುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ.

"ಒಬ್ಬಳೇ ಏನು ನಗ್ತೀ?" ಒಲೆ ಪಕ್ಕ ಮಂಡಿ ಕಾಯಿಸುತ್ತಾ ಕೂತಿದ್ದ ಅತ್ತೆ ಕೇಳಿದರು. ಕನ್ನಡದಲ್ಲಿ ಹೇಳಿದೆ.

"ಗೊಬ್ಬರನೂ ಮೇಲಿಂದಲೇ ಬರಬೇಕಂತಾ? ಮಳೆ ಅಳೆಯೋ ಡಬ್ಬಿ ಇಟ್ಟಿದ್ನಾ ಅವನು?"

"ಗೊತ್ತಿಲ್ಲ ಅತ್ತೆ."

"ದಿನಾ ಅಳೆದಿದ್ರೆ ಕೇಳೋದು ಬಿಡ್ತಿದ್ದ."

ನಮ್ಮ ಮನೆಯ ಮಳೆಪುಸ್ತಕ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಮಾವ ಇರುವ ತನಕ ಬೆಳಿಗ್ಗೆ ಡಬ್ಬಿಯ ನೀರು ಅಳೆದು ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆಯುತ್ತಿದ್ದರು. ಈಗ ಅತ್ತೆ ಬರೆಯುತ್ತಾರೆ. ಹಳೇ ಪುಸ್ತಕಗಳಲ್ಲಿ ಮಾವನ ಶಾಯಿ ಅಂಕಿಗಳ ಪಕ್ಕ, ಅಂಚಿನಲ್ಲಿ, ಅತ್ತೆಯ ಪೆನ್ಸಿಲ್ ಅಕ್ಷರ. 3-20ರ ಪಕ್ಕ, ‘ಚಿಕ್ಕಮ್ಮನ ಮನೆಯಿಂದ ಬಿಳಿ ಡೇಲಿಯಾ ತಂದೆ.’ ಕೆಳಗೆ 5-85, ‘ಬಿಳಿ ಡೇಲಿಯಾ ಕೊಳೆಯಿತು.’ ಪುಟ ಮಗುಚಿದರೆ ಸೊನ್ನೆ, ‘ಮತ್ತೆ ತಂದೆ.’ ಕನ್ನಡದಲ್ಲಿ ಗಿಡಮರಗಳ ಬಗ್ಗೆ ನಗಿಸುತ್ತಾ ಬರೆದವರೆಂದರೆ ನನಗೆ ಬಿ.ಜಿ.ಎಲ್. ಸ್ವಾಮಿಯೇ. ಆದರೆ ಅವರು ‘ಹಸುರು ಹೊನ್ನು’ವಿನಲ್ಲಿ ಕಾಡಿಗೆ ಕರೆದುಕೊಂಡು ಹೋಗುತ್ತಾರೆ, ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಅಡುಗೆಮನೆಗೆ. ಮನೆ ಮುಂದಿನ ಅಂಗಳ ಅವರಿಗೆ ದಾರಿ ಅಷ್ಟೇ. ಅಲ್ಲಿನದು ಬರೆದಿದ್ದರೆ ಅತ್ತೆಯಂಥವರೇ ಬರೆದಿರಬೇಕು, ಹೀಗೆ, ಇನ್ನೊಬ್ಬರ ಪುಸ್ತಕದ ಅಂಚಿನಲ್ಲಿ.

ಅತ್ತೆಗೆ ಕೇಳುವ ಹುರುಪು ಬಂದಿತ್ತು. ಅದಕ್ಕೇ ಎಲಿಜಬೆತ್ ಫಾನ್ ಆರ್ನಿಮ್ ಕಥೆ ತೆಗೆದೆ. ‘ಎಲಿಜಬೆತ್ ಅಂಡ್ ಹರ್ ಜರ್ಮನ್ ಗಾರ್ಡನ್’, 1898ರಲ್ಲಿ ಬಂದದ್ದು. ಅದೂ ದಿನಚರಿಯ ರೂಪದಲ್ಲೇ ಇದೆ. ದೊಡ್ಡ ಮನೆಯ ಹೆಂಡತಿ, ಗಂಡನನ್ನು ‘ಕೋಪಿಷ್ಠ’ ಅಂತಲೇ ಕರೆಯುತ್ತಾಳೆ. ಹೂದೋಟದ ಹುಚ್ಚು ಹಿಡಿದ ಹೊಸದರಲ್ಲಿ, ಏನೂ ಗೊತ್ತಿಲ್ಲದೆ, ಹತ್ತು ಪೌಂಡ್ ಐಪೋಮಿಯ ಬೀಜ ತರಿಸುತ್ತಾಳೆ.

"ಏನು ಬೀಜ?"

"ಮಾರ್ನಿಂಗ್ ಗ್ಲೋರಿ ಅತ್ತೆ. ಬೇಲಿ ಮೇಲೆ ನೀಲಿ ಹೂ ಬಿಡುತ್ತಲ್ಲ, ಆ ಜಾತಿದು."

"ಆ ಕಾಡುಬಳ್ಳಿನಾ? ಹತ್ತು ಪೌಂಡಾ?" ಬೆರಳಲ್ಲಿ ಲೆಕ್ಕ ಹಾಕಿದರು. "ನಾಲ್ಕೂವರೆ ಕಿಲೋ! ಜಿಲ್ಲೆಗೆಲ್ಲ ಸಾಕಲ್ಲ ಮಾರಾಯ್ತಿ. ಬಂತಾ?"

"ಪಾತಿಗೆಲ್ಲ ಹಾಕಿದಳು, ಮರದ ಬುಡಕ್ಕೆಲ್ಲ ಹಾಕಿದಳು. ಬರಲಿಲ್ಲ."

ಅತ್ತೆ ಕನ್ನಡಕ ತೆಗೆದಿಟ್ಟು ನಕ್ಕರು. ಅವರು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ನನಗೆ ಇಷ್ಟದ ಭಾಗ ಮುಂದಿದೆ. ಅವಳಿಗೆ ತಾನೇ ಮಣ್ಣು ಅಗೆಯುವ ಆಸೆ. ಆ ಅಂತಸ್ತಿನ ಹೆಂಗಸು ಗುದ್ದಲಿ ಮುಟ್ಟುವಂತಿಲ್ಲ, ಅದಕ್ಕೆ ತೋಟದ ಮಾಲಿ ಇದ್ದಾನೆ. ಏಪ್ರಿಲ್‌ನ ಒಂದು ಭಾನುವಾರ, ಆಳುಗಳು ಊಟಕ್ಕೆ ಕೂತಿರುವಾಗ, ಕಳ್ಳಿಯ ಹಾಗೆ ಹೊರಗೆ ಹೋಗಿ ಒಂದು ಚೂರು ನೆಲ ಅಗೆದು, ಮತ್ತದೇ ಐಪೋಮಿಯ ಬೀಜ ಹಾಕಿ, ಓಡಿ ಬಂದು, ಪುಸ್ತಕ ಹಿಡಿದು ಕುರ್ಚಿಯಲ್ಲಿ ಸುಸ್ತಾದವಳಂತೆ ಕೂರುತ್ತಾಳೆ.

ಅತ್ತೆ ಈ ಸಲ ನಗಲಿಲ್ಲ. "ಅವಳಿಗೆ ಬಂದು ಕೂರೋಕೆ ಕುರ್ಚಿಯಾದ್ರೂ ಇತ್ತು" ಅಂದರು.

ಆಮೇಲೆ ಅವರೇ ಹೇಳಿದ್ದು. ಮದುವೆಯಾಗಿ ಈ ಮನೆಗೆ ಬಂದ ಹೊಸದು. ತೋಟಕ್ಕೆ ಆಳುಗಳು ಬರುವ ಮನೆಯಲ್ಲಿ ಸೊಸೆ ಗುದ್ದಲಿ ಹಿಡಿದರೆ ನೋಡಿದವರು ಏನಂದುಕೊಳ್ಳುತ್ತಾರೆ ಅಂತ ಅವರ ಅತ್ತೆ ಒಂದೇ ಸಲ ಹೇಳಿದ್ದರಂತೆ. ಒಂದೇ ಸಲ ಸಾಕಾಗಿತ್ತು. ಇವರು ಮದುವೆ ಮನೆ, ಗೃಹಪ್ರವೇಶ ಅಂತ ಹೋದಲ್ಲೆಲ್ಲ ಒಂದೊಂದು ಕಡ್ಡಿ ಮುರಿದು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ತರೋರು. ಕದ್ದ ಗಿಡ ಚೆನ್ನಾಗಿ ಹತ್ತುತ್ತೆ, ಅದು ಎಲ್ಲರಿಗೂ ಗೊತ್ತಿರೋದೇ. ಮಧ್ಯಾಹ್ನ ಮನೆಯವರು ಮಲಗಿದ ಮೇಲೆ, ಕಾಫಿ ಒಣಗಿಸುವ ಕಣದ ಆಚೆ, ಸಿಪ್ಪೆ ರಾಶಿ ಹಾಕುವ ಕಡೆ ನೆಟ್ಟು ಬರೋರು.

"ನಿಮ್ಮ ಅತ್ತೆಗೆ ಗೊತ್ತಾಗಲಿಲ್ವಾ?"

"ಗೊತ್ತಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಒಂದಿನ ಪೂಜೆಗೆ ಹೂ ಕಮ್ಮಿಯಾಯ್ತು. ಅವರು ಬುಟ್ಟಿ ತಗೊಂಡು ನೆಟ್ಟಗೆ ಸಿಪ್ಪೆ ರಾಶಿ ಹತ್ರಕ್ಕೇ ಹೋದ್ರು."

ಆ ಕದ್ದ ಕಡ್ಡಿಗಳಲ್ಲಿ ಹೈಡ್ರೇಂಜಿಯಾ ಇನ್ನೂ ಇದೆ. ಈಗ ಅದರದೇ ಕಾಲ, ಮಳೆಗೆ ತಲೆ ಬಗ್ಗಿಸಿ ನಿಂತಿದೆ. ನಮ್ಮದು ಹುಳಿ ಮಣ್ಣು, ಹಾಗಾಗಿ ಎಲ್ಲ ನೀಲಿ. ಸುಣ್ಣ ಬಳಿಯುವ ಹಳೇ ಗೋಡೆಗೆ ತಾಗಿದ ಒಂದು ಗಿಡ ಮಾತ್ರ ಗುಲಾಬಿ ಬಣ್ಣ. ಗೋಡೆಯ ಸುಣ್ಣ ಇಳಿದು ಮಣ್ಣಿನ ಹುಳಿ ಕಮ್ಮಿಯಾಗಿರುತ್ತೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ವಿವರಣೆ. ಮಳೆಪುಸ್ತಕದ ಅಂಚಿನಲ್ಲಿ ‘ಗೋಡೆ ಬದಿಯದು ಕೆಂಪಾಯಿತು, ಸುಣ್ಣ’ ಅಂತ ಮುಗಿದಿದೆ.

ನಮ್ಮ ಯಜಮಾನರೂ ತೋಟಗಾರಿಕೆಯ ಪುಸ್ತಕ ಓದಿದ್ದಾರೆ, ಒಂದೇ ಒಂದು. ಜಪಾನಿನ ರೈತ ಫುಕುವೋಕಾನ ‘ಒಂದು ಹುಲ್ಲಿನ ಕ್ರಾಂತಿ’. ಅಂಗಳದ ಕಳೆ ಕೀಳಿ ಅಂದಾಗಲೆಲ್ಲ, ಉಳಬೇಡ, ಗೊಬ್ಬರ ಬೇಡ, ಕಳೆಯ ಗೊಡವೆ ಬೇಡ ಅಂತ ಶುರು ಮಾಡುತ್ತಾರೆ. ಅದೇ ಫುಕುವೋಕಾ ಮೊದಮೊದಲು ಅಪ್ಪನ ಕಿತ್ತಳೆ ತೋಟವನ್ನು ಸುಮ್ನೆ ಬಿಟ್ಟು ಮರಗಳನ್ನು ಸಾಯಿಸಿದ್ದ. ಕೈಬಿಡುವುದೇ ಬೇರೆ, ಸಹಜ ಕೃಷಿಯೇ ಬೇರೆ ಅಂತ ಅವನೇ ಬರೆದಿದ್ದಾನೆ. ಆ ಪುಟ ಇವರ ಪ್ರತಿಯಲ್ಲಿ ಇಲ್ಲವೇನೋ.

ಗುರುವಾರ ಅತ್ತೆ ಮೈಸೂರಿಗೆ ಹೋಗುತ್ತಾರೆ, ನಾದಿನಿ ಮನೆಗೆ. ಮಂಡಿ ಆಪರೇಷನ್. ಆದ ಮೇಲೂ ಅಲ್ಲೇ ಇರಬೇಕು, ಇಲ್ಲಿನ ಪಾಚಿ ಹಿಡಿದ ಮೆಟ್ಟಿಲು ಈಗ ಬೇಡ ಅಂದಿದ್ದಾರೆ ಡಾಕ್ಟರು. ಮಂಡಿ ಸರಿ ಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನೆಲದಲ್ಲಿ ಕುಕ್ಕರಗಾಲಲ್ಲಿ ಕೂರಬಹುದಾ ಅಂತ ಅತ್ತೆ ಕೇಳಿದಾಗ ಮಾತ್ರ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ. ಚಾಪೆಕ್ ಒಂದು ಕಡೆ ತಮಾಷೆ ಮಾಡುತ್ತಾನೆ, ತೋಟಗಾರನಿಗೆ ಬೆನ್ನು ಇರುವುದು ಆಗಾಗ ಎದ್ದು ನಿಂತು "ಅಯ್ಯೋ ಬೆನ್ನು" ಅನ್ನೋದಕ್ಕೆ ಮಾತ್ರ ಅಂತ. ಅದನ್ನು ಓದಿ ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ.

ಅದರ ಬದಲು ಆಗಸ್ಟ್ ತಿಂಗಳದ್ದು ಹೇಳಿದೆ. ತೋಟಗಾರ ರಜೆಗೆ ಹೊರಡುತ್ತಾನೆ. ಗಿಡಗಳನ್ನು ಗೆಳೆಯನಿಗೆ ಒಪ್ಪಿಸುತ್ತಾನೆ, ಹೆಚ್ಚೇನೂ ಕೆಲಸವಿಲ್ಲ ಅಂತ. ಹೋದ ಊರಿಂದ ಕಾಗದದ ಮೇಲೆ ಕಾಗದ. ನೀರು ಹಾಕು, ಹುಳ ಹೆಕ್ಕು, ಅದನ್ನು ಕಟ್ಟು, ಇದನ್ನು ಕತ್ತರಿಸು.

"ಕಾಗದ ಯಾಕೆ ಬರೀಬೇಕು? ಹೊರಡೋಕೆ ಮೊದಲೇ ಹೇಳಬೇಕಪ್ಪ" ಅಂದರು ಅತ್ತೆ. "ಪೆನ್ನು ತಗೋ."

ತಗೊಂಡೆ. ಡಬ್ಬಿಯ ನೀರು ಬೆಳಿಗ್ಗೆ ಎಂಟಕ್ಕೇ ಅಳೆಯಬೇಕು, ಒಂಬತ್ತಕ್ಕೆ ಅಳೆದು ಎಂಟು ಅಂತ ಬರೆಯಬಾರದು. ಡೇಲಿಯಾಗಳಿಗೆ ಬಿದಿರಿನ ಕೋಲು ಕೊಡಬೇಕು, ಪ್ಲಾಸ್ಟಿಕ್ ದಾರ ಬೇಡ, ಬಾಳೆ ನಾರಲ್ಲಿ ಕಟ್ಟಬೇಕು. ರಾತ್ರಿ ಟಾರ್ಚ್ ಹಿಡಿದು ಹೋಗಿ ಬಸವನಹುಳು ಹೆಕ್ಕಬೇಕು, ಜಿಗಣೆ ಹತ್ತುತ್ತೆ ಅಂತ ನೆವ ಹೇಳಬಾರದು. ಆಂಥೂರಿಯಂ ಕುಂಡದಲ್ಲಿ ನೀರು ನಿಂತರೆ ಇದ್ದಿಲು, ಇಟ್ಟಿಗೆ ಚೂರು ಹೊಸದು ಹಾಕಬೇಕು. ಇದ್ದಿಲು ಹಿತ್ತಲ ಕೊಟ್ಟಿಗೆಯಲ್ಲಿದೆ, ಯಜಮಾನರನ್ನು ಕೇಳಿದರೆ ಸಿಗಲ್ಲ.

"ಇದನ್ನೆಲ್ಲ ಬಿಡಿ ಹಾಳೆಯಲ್ಲಿ ಯಾಕೆ ಬರೀತಿದ್ದೀ? ಕಳೆದುಹೋಗುತ್ತೆ. ಮಳೆಪುಸ್ತಕದಲ್ಲೇ ಬರಿ."

"ಅಂಚಿನಲ್ಲಾ ಅತ್ತೆ?"

"ಅಂಚು ಯಾಕೆ? ಇಡೀ ಪುಟ ತಗೋ" ಅಂದರು. ಈಗ ಗುಲಾಬಿಗೆ ಬಂದಿದ್ದಾರೆ. ಯಾವ ಕೊಂಬೆ ಕತ್ತರಿಸಬಾರದು ಅಂತ ಹೇಳುತ್ತಿದ್ದಾರೆ, ಕೆಂಪಿನದಾ ಹಳದಿಯದಾ ಅಂತ ಕೇಳಿದರೆ