ಹಡಗಿನಲ್ಲಿ ಅಷ್ಟು ದಿನ ಮಾಡುವುದಾದರೂ ಏನು?

ಮದುವೆ ಮನೆಯಿರಲಿ, ಮಡಿಕೇರಿಯ ಶುಕ್ರವಾರದ ಸಂತೆಯಿರಲಿ, ನಾನು ಪ್ರವಾಸದ ಹಡಗು (ಕ್ರೂಸ್) ಹತ್ತಿ ಬಂದವಳೆಂದು ಗೊತ್ತಾದರೆ ಸಾಕು, ಪ್ರಶ್ನೆ ಒಂದೇ: "ಸುತ್ತಲೂ ನೀರು, ಬೇಕೆಂದಾಗ ಇಳಿಯುವ ಹಾಗೂ ಇಲ್ಲ. ಅಷ್ಟು ದಿನ ಏನು ಮಾಡಿದಿರಿ, ಅಕ್ಕಾ?"

ಸುಮ್ಮನೆ ಕುಳಿತೆ.

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಜಗುಲಿ ಇಳಿಯದೆ ಮಂಜು ಕವಿದ ತೋಟ ನೋಡುತ್ತ ಕೂರುವ ನಾವೇ ಹೀಗೆ ಕೇಳುವುದು ನನಗೆ ತಮಾಷೆ. ಹಡಗಿನಲ್ಲಿ ಕರೆಂಟು ಹೋಗುವುದಿಲ್ಲ, ಅಡುಗೆ ನಮ್ಮ ತಲೆಯ ಮೇಲಿಲ್ಲ, ಅಷ್ಟೇ ವ್ಯತ್ಯಾಸ.

ನಾವು ಹೋದದ್ದು ಮುಂಬೈಯಿಂದ ಲಕ್ಷದ್ವೀಪಕ್ಕೆ. ಹತ್ತುವಾಗಲೇ ತಪಾಸಣೆಯವರು ನನ್ನ ಕೆಟಲ್ ತೆಗೆದಿಟ್ಟುಕೊಂಡರು. ಬೆಂಕಿಯ ಭಯದಿಂದ ಇಂಥವನ್ನು ಕೋಣೆಗೆ ಬಿಡುವುದಿಲ್ಲ. ಮನೆಯ ಕಾಫಿ ಪುಡಿ ಮಾತ್ರ ಉಳಿಯಿತು. ಅಲ್ಲಿಯ ಕಾಫಿಯ ಬಗ್ಗೆ ಹೇಳದಿರುವುದೇ ಲೇಸು.

ಆಮೇಲೆ ತುರ್ತು ಕವಾಯತು. ಏಳು ಗಿಡ್ಡ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕೆಂದು ಗೊತ್ತಿರಬೇಕು. ದಯವಿಟ್ಟು ತಪ್ಪಿಸಬೇಡಿ. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಪ್ರವಾಸದ ಹಡಗು ಬಂಡೆಗೆ ಬಡಿದು ವಾಲಿ 32 ಜನ ಸತ್ತಾಗ, ಅದೇ ದಿನ ಹತ್ತಿದ್ದ ನೂರಾರು ಮಂದಿಗೆ ಕವಾಯತು ಆಗಿರಲೇ ಇಲ್ಲ. ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದು ಆಗಬೇಕೆಂಬ ನಿಯಮ ಬಂದದ್ದು ಆಮೇಲೆ.

ತಲೆಸುತ್ತು? ಸಂಪಾಜೆ ಘಾಟಿಯನ್ನು ಹಿಂದಿನ ಸೀಟಿನಲ್ಲಿ ಕುಳಿತು ಇಳಿದವರಿಗೆ ನಾನೇನು ಹೇಳಲಿ! ದೊಡ್ಡ ಹಡಗುಗಳ ಎರಡೂ ಪಕ್ಕಕ್ಕೆ ನೀರಿನೊಳಗೆ ಈಜುರೆಕ್ಕೆಯಂಥವು ಇರುತ್ತವೆ, ಹೊರಳಾಟವನ್ನು ತಗ್ಗಿಸುತ್ತವೆ. ಆದರೂ ಅಳುಕಿದ್ದರೆ ಕೆಳ ಅಂತಸ್ತಿನ ನಟ್ಟನಡುವೆ ಕೋಣೆ ಕೇಳಿ. ಕಿಟಕಿಯಿಲ್ಲದ ಕೋಣೆ ಅಗ್ಗ. ಹಗಲೋ ಇರುಳೋ ತಿಳಿಯದು. ಪಾನೀಯ, ಇಂಟರ್ನೆಟ್, ದಡದ ಸುತ್ತಾಟ ಎಲ್ಲಕ್ಕೂ ಬೇರೆ ಹಣ. ಕೋಣೆಯ ಕಾರ್ಡನ್ನೇ ಉಜ್ಜುವುದರಿಂದ ಖರ್ಚಾದದ್ದು ಕೊನೆಯ ದಿನವೇ ಅರಿವಾಗುವುದು.

ನನಗೆ ಹಿಡಿಸಿದ್ದು ಯಾವ ಬಂದರನ್ನೂ ಮುಟ್ಟದ ದಿನ. ಮೇಲೆ ಹಾಡು, ಕುಣಿತ, ಈಜುಕೊಳದ ಗಲಾಟೆ. ನಾನು ಹಿಂಬದಿಯ ಡೆಕ್ಕಿನಲ್ಲಿ, ಊಟದ ಕೋಣೆಯಿಂದ ಬಿಸಿನೀರು ತಂದು ಬೆರೆಸಿದ ನಮ್ಮದೇ ಕಾಫಿಯೊಂದಿಗೆ. ಹಡಗು ಸೀಳಿದ ಬಿಳಿಯ ದಾರಿ ಹಿಂದೆ ಹಿಂದೆ ಹೋಗಿ ಅಳಿಸಿಹೋಗುತ್ತಿತ್ತು. ಒಮ್ಮೆಲೇ ಹತ್ತಾರು ಹಾರುಮೀನುಗಳು, ಗದ್ದೆಯ ಬದುವಿನಲ್ಲಿ ಕಾಲಿಟ್ಟಾಗ ಚಿಮ್ಮುವ ಮಿಡತೆಗಳಂತೆ, ಎದ್ದು ಬಹುದೂರ ಜಾರಿ ಮತ್ತೆ ನೀರಿಗೆ ಬಿದ್ದವು. ಲಕ್ಷದ್ವೀಪದಲ್ಲಿ ಹವಳದ ದಿಬ್ಬಗಳಿರುವುದರಿಂದ ಹಡಗು ಆಚೆಯೇ ನಿಂತಿತು; ಚಿಕ್ಕ ದೋಣಿಗೆ ಇಳಿದು ದಡ ಸೇರಿದೆವು.

ತೊಡಕು ಒಂದೇ, ಸಮಯ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಒರಟು. ಚಳಿಗಾಲದಲ್ಲಿ ಸಮುದ್ರ ಶಾಂತ, ಆದರೆ ಆಗ ನಮಗೆ ಕಾಫಿ ಕುಯ್ಲು. ಕುಯ್ಲು ಮುಗಿಸಿ ಮಾರ್ಚ್ ಕೊನೆಗೆ ಹೊರಟೆವು, ಕಾಫಿ ಹೂವನ್ನು ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ನಮ್ಮದು ಮಳೆಯನ್ನೇ ನಂಬಿದ ತೋಟ. ನಡುಗಡಲಿನಲ್ಲಿ ಸಿಗ್ನಲ್ ಇಲ್ಲ. ಯಜಮಾನರು ಮೊಬೈಲ್ ಎತ್ತಿ ಹಿಡಿದು ಡೆಕ್ಕಿನ ತುಂಬ ಅಲೆದದ್ದೇ ಅಲೆದದ್ದು. ಮುಂಬೈ ಹತ್ತಿರವಾದಾಗ ತೋಟದ ಲೆಕ್ಕ ಬರೆಯುವ ರೈಟರ್ ಕಳಿಸಿದ ಮಳೆಯ ಅಳತೆ ಬಂತು: "1 ಇಂಚು 10 ಸೆಂಟ್ಸ್." ಪಕ್ಕದಲ್ಲಿ ನಿಂತಿದ್ದ ಗುಜರಾತಿ ಅಜ್ಜಿಗೂ ಅದನ್ನು ತೋರಿಸಿದರು.